ತಿನ್ನದವರು ಬರೆದ ರುಚಿ

ಹೊಗಳಿಕೆಯೂ ಸಗಟು ದರದಲ್ಲಿ ಸಿಗುತ್ತದೆ ಎಂಬುದು ನನಗೆ ಗೊತ್ತಾದದ್ದು ಚಿಕ್ಕೋಡಿಯಲ್ಲಿ. ಗೊತ್ತಾಗದಿದ್ದರೂ ನನಗೇನೂ ನಷ್ಟವಿರಲಿಲ್ಲ. ಈಗ ಯಾರಾದರೂ ಹೊಸಬರು ಬಂದು, ಇಂಟರ್ನೆಟ್ ಮಾರ್ಕೆಟಿಂಗ್ ಶುರು ಮಾಡಬೇಕೆಂದಿದ್ದೇನೆ, ಮೊದಲು ಏನು ಕಲಿಯಲಿ ಎಂದು ಕೇಳಿದರೆ ನಾನು ಫೋಟೋ, ಜಾಹೀರಾತು, ಹುಡುಕು ಪದಗಳ ಮಾತೆತ್ತುವುದಿಲ್ಲ. ಏಕಸಂಬಿಯ ಒಬ್ಬ ಕಾಕುವಿನ, ಅಂದರೆ ಊರೆಲ್ಲ ಚಿಕ್ಕಮ್ಮ ಎಂದು ಕರೆಯುವ ಹಿರಿಯ ಹೆಂಗಸಿನ, ಖಾರಪುಡಿಯ ಸಂಗತಿ ಹೇಳುತ್ತೇನೆ. ಕೇಳುವವರಲ್ಲಿ ಅರ್ಧ ಜನ ನಡುವೆಯೇ ಮೊಬೈಲ್ ನೋಡಲು ಶುರು ಮಾಡುತ್ತಾರೆ. ಅವರು ಈ ದಂಧೆಯಲ್ಲಿ ಬೇಗ ಮೇಲೆ ಬರುತ್ತಾರೆ.

ನಮ್ಮ ಆಫೀಸು ಚಿಕ್ಕೋಡಿ ಬಸ್ ನಿಲ್ದಾಣದ ಹತ್ತಿರ, ಕೀಟನಾಶಕದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಮೂಗು ಉರಿಯುತ್ತಿತ್ತು. ಮಾಲಕರು ನಿಪ್ಪಾಣಿಯವರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಅವರಿಗೂ ಯಾರೊಂದಿಗೂ ಜಗಳವಿರಲಿಲ್ಲ. ಜಗಳವೆಲ್ಲ ಅವರ ಮಾತು ನಂಬಿದವರ ಮನೆಗಳಲ್ಲಿ. ಊರಿನವರ ಸಾಮಾನಿಗೆ ಮೊಬೈಲಿನ ಮಾರಾಟದ ಕಂಪನಿಯೊಂದರಲ್ಲಿ ಅಂಗಡಿ ತೆರೆದು ಕೊಡುವುದು ನಮ್ಮ ದಂಧೆ. ಗಿರಾಕಿಗಳನ್ನು ಹಿಡಿದು ತರುವುದು ಅವರ ಕೆಲಸ. ಸಾಮಾನಿನ ಫೋಟೋ ತೆಗೆಯುವುದು, ಅದರ ಬಗ್ಗೆ ಕನ್ನಡದಲ್ಲೂ ಮರಾಠಿಯಲ್ಲೂ ನಾಲ್ಕು ಸಾಲು ಬರೆಯುವುದು, ಕೊಂಡವರು ಏನಾದರೂ ಕೇಳಿದರೆ ಉತ್ತರಿಸುವುದು ನನ್ನ ಕೆಲಸ.

ಕಾಕುವನ್ನು ಆಫೀಸಿಗೆ ಕರೆತಂದವಳು ಅವರ ಸೊಸೆ. ಅವಳಿಗೆ ಮೊಬೈಲಿನಲ್ಲಿ ಏನೇನು ಮಾರಬಹುದು ಎಂಬುದು ಗೊತ್ತಿತ್ತು, ಅತ್ತೆಗೆ ಏನನ್ನು ಮಾರಬಾರದು ಎಂಬುದು ಗೊತ್ತಿತ್ತು. ಜೈನ ಮನೆತನ. ನಮ್ಮ ಗಡಿ ಭಾಗದಲ್ಲಿ ಮಸಾಲೆ ಎಂದರೆ ಕಾಂದಾ-ಲಸೂಣ ಮಸಾಲೆ, ಅಂದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ್ದು. ಕಾಕು ಮಾಡುತ್ತಿದ್ದದ್ದು ಅವೆರಡೂ ಇಲ್ಲದ ಮಸಾಲೆ, ಒಣಕೊಬ್ಬರಿ ಹಾಕಿ ಬೀಸಿದ ಖಾರಪುಡಿ. ಊರ ಗಿರಣಿಯಲ್ಲಿ ಎಲ್ಲರ ಬೆಳ್ಳುಳ್ಳಿಯನ್ನೂ ಬೀಸಿರುತ್ತಾರೆ ಎಂದು ಅವರು ಮನೆಯ ಒಂದು ಖೋಲಿಯಲ್ಲಿ ಸ್ವಂತ ಗಿರಣಿ ಕೂರಿಸಿಕೊಂಡಿದ್ದರು. ಅದರೊಳಗೆ ಬೇರೆಯವರ ಒಂದು ಕಾಳು ಜೀರಿಗೆಯೂ ಬೀಳುತ್ತಿರಲಿಲ್ಲ.

ಆ ಪುಡಿ ಹೋಗುತ್ತಿದ್ದದ್ದು ಮುಖ್ಯವಾಗಿ ವ್ರತ ಹಿಡಿದವರ ಮನೆಗಳಿಗೆ. ಮಳೆಗಾಲದ ಚಾತುರ್ಮಾಸದಲ್ಲಿ ಮುನಿಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಅವರ ಆಹಾರಕ್ಕೆಂದು ಬೇರೆಯಾಗಿ, ಮಡಿಯಿಂದ ನಡೆಸುವ ಅಡುಗೆಮನೆಗೆ ಚೌಕಾ ಎನ್ನುತ್ತಾರೆ. ರಾಯಬಾಗ, ಕಾಗವಾಡ ಕಡೆಯ ಚೌಕಾಗಳಿಗೆ ಕಾಕುವಿನ ಖಾರಪುಡಿ ಹೋಗುತ್ತಿತ್ತು. ಬೀಸಿದ ಪುಡಿಗೆ ಅವರಲ್ಲಿ ಇಂತಿಷ್ಟು ದಿನ ಎಂಬ ಮರ್ಯಾದೆ, ಅಂದರೆ ಬಳಕೆಯ ಗಡುವು, ಇದೆ, ಮಳೆಗಾಲದಲ್ಲಿ ಇನ್ನೂ ಕಡಿಮೆ ದಿನ. ಹಾಗಾಗಿ ಅದನ್ನು ಆಗಾಗ ಹೊಸದಾಗಿ ಬೀಸಿ ಕಳಿಸಬೇಕು. ಕಾಕುವಿಗೆ ಅದು ವ್ಯಾಪಾರವಾಗಿರಲಿಲ್ಲ. ಚೌಕಾಕ್ಕೆ ಪುಡಿ ಕೊಡುವ ಮನೆ ಎಂಬುದೇ ಆ ಮನೆಯ ಹೆಸರಾಗಿತ್ತು. ಅವರು ನಮ್ಮ ಮಾಲಕರನ್ನು ಕೇಳಿದ್ದೂ ಒಂದೇ ಪ್ರಶ್ನೆ.

"ಮೊಬೈಲನ್ಯಾಗ ಮಾರಿದ್ರ ಚೌಕಾಕ್ಕ ಹೋಗೂದಕ್ಕ ಏನೂ ಆಗಂಗಿಲ್ಲ ಹೌದಿಲ್ರಿ?"

ಮಾಲಕರು ಎರಡೂ ಕೈ ಎತ್ತಿ, ಏನೂ ಆಗಂಗಿಲ್ರಿ ಕಾಕು, ಹೆಸರ ಬೆಳಿತೈತಿ ಅಷ್ಟ ಎಂದರು.

ನಾನು ಮೊದಲ ಸಲ ಏಕಸಂಬಿಗೆ ಹೋದಾಗ ಕಾಕು ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ಶೋಧಿಸುತ್ತಿದ್ದರು. ಬರೀ ತೊಟ್ಟು ಮುರಿಯುವುದಲ್ಲ. ಒಂದೊಂದು ಕಾಯಿಯನ್ನೂ ಉದ್ದಕ್ಕೆ ಸೀಳಿ, ಒಳಗೆ ಹುಳವೋ ಬೂಷ್ಟೋ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬುಟ್ಟಿಗೆ ಹಾಕುವುದು. ನಾನು ಕ್ಯಾಮೆರಾ ತೆಗೆಯುವ ಮೊದಲೇ ಏನು ತಿಂದು ಬಂದೆ ಎಂದು ಕೇಳಿದರು. ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿ, ಅದರ ಜೊತೆ ಹಸಿ ಉಳ್ಳಾಗಡ್ಡಿ ತಿಂದಿದ್ದೆ. ಹಾಗೆಂದೆ.

"ಹಂಗಾರ ಗಿರಣಿ ಖೋಲಿ ಹೊಸ್ತಿಲ ಈಚಿಗಿ ನಿಂತ ಫೋಟೋ ತಗಿ ತಂಗಿ. ಬ್ಯಾಸರ ಮಾಡ್ಕೋಬ್ಯಾಡ."

ಬೇಸರವಾಗಲಿಲ್ಲ. ನೊಣ ಎಲ್ಲಿಂದ ಎದ್ದು ಬಂತು ಎಂದೂ ಕೇಳದ ಮಸಾಲೆ ಕಾರ್ಖಾನೆಗಳ ಫೋಟೋ ತೆಗೆದು, ಅವುಗಳ ಕೆಳಗೆ 'ಶುಚಿ-ರುಚಿ' ಎಂದು ಬರೆದವಳು ನಾನು. ಹೊಸ್ತಿಲಾಚೆಯಿಂದಲೇ ತೆಗೆದೆ. ಕಿಟಕಿಯ ಬೆಳಕು ಗಿರಣಿಯ ಬಾಯಿಗೆ ಬೀಳುವ ಹೊತ್ತಿಗಾಗಿ ಕಾದೆ. ಸೀಳಿದ ಮೆಣಸಿನಕಾಯಿಯನ್ನು ಬೆಳಕಿಗೆ ಹಿಡಿದ ಕಾಕುವಿನ ಕೈಯ ಫೋಟೋವೊಂದು ಬಂತು. ನನ್ನ ಕೆಲಸದಲ್ಲಿ ನನಗೆ ಹೆಮ್ಮೆ ಅನ್ನಿಸಿದ ಫೋಟೋಗಳು ಬಹಳ ಇಲ್ಲ, ಅದೊಂದು ಇತ್ತು.

ಕಷ್ಟವಾದದ್ದು ಬರೆಯುವುದು. ನನ್ನ ಹತ್ತಿರ ತಯಾರಾದ ಮಾತುಗಳಿದ್ದವು. ಉಪ್ಪಿನಕಾಯಿಗೂ ಅವೇ, ಬೆಲ್ಲಕ್ಕೂ ಅವೇ. 'ನೂರಕ್ಕೆ ನೂರು ಶುದ್ಧ' ಎಂದು ಓದಿ ತೋರಿಸಿದೆ. ನೂರು ಅಂತ ಹೆಂಗ ಹೇಳ್ತಿ, ನನ್ನ ಕಣ್ಣಿಗೆ ಕಂಡಷ್ಟು ನಾ ನೋಡೇನಿ, ಅಷ್ಟ ಬರಿ ಎಂದರು. 'ಅಜ್ಜಿಯ ಕಾಲದ ರುಚಿ' ಎಂದದ್ದಕ್ಕೆ, ನಮ್ಮತ್ತಿಗೆ ಮಸಾಲಿ ಮಾಡಾಕ ಬರ್ತಿದ್ದಿಲ್ಲ ಎಂದು ನಕ್ಕುಬಿಟ್ಟರು. 'ಆರೋಗ್ಯಕ್ಕೆ ಒಳ್ಳೆಯದು' ಎಂಬುದನ್ನೂ ಹೊಡೆದು ಹಾಕಿಸಿದರು, ಖಾರ ತಿಂದು ಯಾರ ಆರೋಗ್ಯ ಚಲೋ ಆಗೇತಿ ಎಂದು ಕೇಳಿ. ಕೊನೆಗೆ ಉಳಿದದ್ದು ಇಷ್ಟು: ಮೆಣಸಿನಕಾಯಿಯನ್ನು ಸೀಳಿ ನೋಡಿ ಸ್ವಂತ ಗಿರಣಿಯಲ್ಲಿ ಬೀಸಿದ್ದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲ. ಈ ಗಿರಣಿಯಲ್ಲಿ ಬೇರೆಯವರದು ಬೀಸುವುದಿಲ್ಲ.

ಮಾಲಕರು ಅದನ್ನು ಓದಿ, ಇದು ಜಾಹೀರಾತೋ ಪಂಚನಾಮೆಯೋ ಎಂದು ಕೇಳಿದರು. ನಾನು ಬದಲಿಸಲಿಲ್ಲ.

ಮೊದಲ ತಿಂಗಳುಗಳು ಎಲ್ಲ ಹೊಸಬರಿಗೂ ಹೇಗೋ ಹಾಗೆಯೇ ಹೋದವು. ಒಣಕೊಬ್ಬರಿಯ ಎಣ್ಣೆ ಒಸರಿ ಕಾಗದದ ಲೇಬಲ್ಲು ಕಲೆಯಾಗುತ್ತಿತ್ತು. ಎರಡು ಪದರದ ಚೀಲ ತರಿಸಿದೆವು. ಕೊರಿಯರ್‌ನವನು ಎತ್ತಿ ಒಗೆದ ಪಾಕೀಟುಗಳು ಒಡೆದು, ಮನೆ ಮುಟ್ಟುವ ಹೊತ್ತಿಗೆ ಪೆಟ್ಟಿಗೆಯೇ ಕೆಂಪಾಗಿರುತ್ತಿತ್ತು. ಸೀಲು ಹಾಕುವ ಯಂತ್ರದ ಬಿಸಿ ಹೆಚ್ಚಿಸಿ, ಅಂಚನ್ನು ಎರಡು ಸಲ ಒತ್ತುವುದನ್ನು ಸೊಸೆ ಕಲಿತಳು. ಪ್ರತಿ ಪೆಟ್ಟಿಗೆಯಲ್ಲೂ ಒಂದು ಚೀಟಿ ಇಟ್ಟೆ: ಇಷ್ಟವಾದರೂ ಬರೆಯಿರಿ, ಇಷ್ಟವಾಗದಿದ್ದರೂ ಬರೆಯಿರಿ. ಐದು ಸ್ಟಾರ್ ಕೊಟ್ಟರೆ ಮುಂದಿನ ಸಲ ರಿಯಾಯಿತಿ ಎಂದು ಬರೆಯಲು ಮಾಲಕರು ಹೇಳಿದ್ದರು. ಹಾಗೆ ಬರೆಯಿಸಿಕೊಂಡದ್ದು ಹೊಗಳಿಕೆಯಲ್ಲ, ಪಾವತಿ. ನಾನು ಬರೆಯಲಿಲ್ಲ.

ಚೀಟಿ ಓದಿ ಬರೆದವರು ಬೆರಳೆಣಿಕೆಯ ಜನ. ಅವರಲ್ಲಿ ಅಥಣಿಯ ಒಬ್ಬ ನಿವೃತ್ತ ಮಾಸ್ತರರು ಮೂರೇ ಸ್ಟಾರ್ ಕೊಟ್ಟು, ಬಣ್ಣ ಇದೆ, ಖಾರ ಇಲ್ಲ ಎಂದು ಬರೆದಿದ್ದರು. ಸೊಸೆಯ ಮುಖ ಸಣ್ಣದಾಯಿತು. ಕಾಕು ಮಾತ್ರ ಅದನ್ನು ನನ್ನಿಂದ ಮತ್ತೊಮ್ಮೆ ಓದಿಸಿದರು. ಅವರು ಹೇಳೂದ ಖರೇ ಐತಿ, ಈ ಸಲ ಬ್ಯಾಡಗಿ ಕಾಯಿ ಜಾಸ್ತಿ ಬಿದ್ದೈತಿ, ಸಂಕೇಶ್ವರದ್ದು ಕಡಿಮಿ ಆಗೇತಿ ಎಂದರು. ಬ್ಯಾಡಗಿ ಬಣ್ಣಕ್ಕೆ, ಸಂಕೇಶ್ವರದ್ದು ಖಾರಕ್ಕೆ. ನಾನು ವಿವರಣೆಯಲ್ಲಿ 'ಬಣ್ಣ ಹೆಚ್ಚು, ಖಾರ ಕಡಿಮೆ' ಎಂದು ಸೇರಿಸಿದೆ. ತನ್ನ ಸಾಮಾನಿನ ಕೊರತೆಯನ್ನು ತಾನೇ ಬರೆದುಕೊಳ್ಳುವ ಅಂಗಡಿ ಎಲ್ಲಿಯಾದರೂ ಉಂಟೇ ಎಂದು ಮಾಲಕರು ತಲೆ ಚಚ್ಚಿಕೊಂಡರು. ಆದರೆ ಅದಾದ ಮೇಲೆ ವಾಪಸು ಬರುವ ಪೆಟ್ಟಿಗೆಗಳು ಕಡಿಮೆಯಾದವು. ಖಾರ ಬೇಕಾದವರು ಬೇರೆ ಕಡೆ ಹೋದರು, ಬೇಡವಾದವರು ನಮ್ಮ ಹತ್ತಿರ ಬಂದರು. ಮಕ್ಕಳಿರುವ ಮನೆಗಳಿಂದ ಎರಡನೇ ಸಲ ಆರ್ಡರ್ ಬರತೊಡಗಿತು. ಈ ಕೆಲಸದಲ್ಲಿ ನಾನು ಕಲಿತ ನಿಜವಾದ ಪಾಠವೇನಾದರೂ ಇದ್ದರೆ ಅದು ಆ ಮೂರು ಸ್ಟಾರಿನದು.

ಮಾಲಕರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಸೊಸೆಗೆ ಅವರು ಮೊದಲ ಪುಟದ ಮಾತು ಕೊಟ್ಟಿದ್ದರು. ಮಸಾಲೆ ಎಂದು ಹುಡುಕಿದರೆ ನಿಮ್ಮದೇ ಮೊದಲು ಬರಬೇಕು, ಹಾಗೆ ಮಾಡಿಕೊಡುತ್ತೇನೆ ಎಂದಿದ್ದರು. ಹೊಸಬರನ್ನು ಹಿಡಿಯುವ ಗಾಳವೇ ಅದು. ಮೊದಲ ಪುಟ ಯಾರಪ್ಪನ ಆಸ್ತಿಯೂ ಅಲ್ಲ, ಅದರ ಖಾತರಿಯನ್ನು ಯಾರೂ ಕೊಡಲಾರರು. ಕೊಡುತ್ತೇನೆ ಎಂದವನು ಒಂದೋ ಏನೂ ತಿಳಿಯದವನು, ಇಲ್ಲವೇ ಎಲ್ಲ ತಿಳಿದವನು. ನಮ್ಮವರು ಎರಡನೆಯ ಜಾತಿ. ರಿವ್ಯೂ ಯಾಕೆ ಏರುತ್ತಿಲ್ಲ ಎಂದು ದಿನಾ ಕೇಳುತ್ತಿದ್ದರು. ತಿಂದವರು ಬರೆಯಬೇಕಲ್ಲ ಸರ್ ಎನ್ನುತ್ತಿದ್ದೆ.

ಅಷ್ಟರಲ್ಲಿ ಅಥಣಿಯ ಒಣದ್ರಾಕ್ಷಿ ಅಂಗಡಿಯೊಂದರ ಕೆಲಸ ಬಂತು. ಕೆಲವು ದಿನ ಅಲ್ಲಿಗೇ ಹೋಗಿ ಬಂದು ಮಾಡಿದೆ. ಅತ್ತ ಚಾತುರ್ಮಾಸ ಶುರುವಾಗಿತ್ತು. ಕೆಲಸ ಮುಗಿಸಿ ಆಫೀಸಿಗೆ ಬಂದ ದಿನ ನೋಡಿದರೆ, ಸೊಸೆಯಿಂದ ಮೂರು ದಿನದ ಹಿಂದೆಯೇ ಹೂವು, ಕೈಮುಗಿದ ಚಿತ್ರಗಳೆಲ್ಲ ಬಂದು ಬಿದ್ದಿದ್ದವು. ಆರ್ಡರ್ ಒಮ್ಮೆಲೇ ಏರಿದೆ ಅಕ್ಕಾ ಎಂದು ಬರೆದಿದ್ದಳು. ತೆರೆದು ನೋಡಿದೆ. ಮಸಾಲೆಯ ಕೆಳಗೆ ಸ್ಟಾರ್‌ಗಳ ಜಾತ್ರೆಯೇ ನೆರೆದಿತ್ತು.

ಬಂದ ಪ್ರತಿ ರಿವ್ಯೂಗೂ ಉತ್ತರ ಬರೆಯುವುದು ನನ್ನ ರೂಢಿ. ಮೊದಲನೆಯದನ್ನು ತೆರೆದೆ. ಮರಾಠಿಯಲ್ಲಿತ್ತು: 'ಲಸಣಾಚಾ ವಾಸ ಏಕದಮ್ ಮಸ್ತ.' ಬೆಳ್ಳುಳ್ಳಿಯ ವಾಸನೆ ಬಹಳ ಚೆನ್ನಾಗಿದೆ ಎಂದು. ಬೇರೆ ಮಸಾಲೆಯ ಬದಲು ತಪ್ಪಿ ನಮ್ಮದರ ಕೆಳಗೆ ಬರೆದಿದ್ದಾರೆ ಎಂದುಕೊಂಡೆ. ಎರಡನೆಯದು, ಬೆಳ್ಳುಳ್ಳಿ ಘಮ ಊರ ನೆನಪು ತರುತ್ತದೆ. ಮೂರನೆಯದು, ಕಾಂದಾ-ಲಸೂಣದ ಹದ ಸರಿಯಾಗಿದೆ, ಮಟನ್ ಸಾರಿಗೆ ಇದೇ ಆಗಬೇಕು. ನಾನು ಓದುತ್ತಾ ಹೋದೆ. ಒಬ್ಬರಾದರೂ ಮೆಣಸಿನಕಾಯಿಯ ಮಾತೆತ್ತಿರಲಿಲ್ಲ. ಆರ್ಡರ್‌ಗಳ ಪಟ್ಟಿಯಲ್ಲಿ ಆ ಹೆಸರುಗಳನ್ನು ಹುಡುಕಿದೆ. ಅವರಲ್ಲಿ ಯಾರಿಗೂ ನಾವು ಒಂದು ಪಾಕೀಟನ್ನೂ ಕಳಿಸಿರಲಿಲ್ಲ.

ಮಾಲಕರು ಮುಚ್ಚಿಡಲಿಲ್ಲ. ದೊಡ್ಡ ಊರಿನಲ್ಲಿ ಒಬ್ಬನಿದ್ದಾನೆ, ರಿವ್ಯೂಗಳನ್ನು ಕಟ್ಟುಕಟ್ಟಾಗಿ ಮಾರುತ್ತಾನೆ, ಅವನ ಹತ್ತಿರ ತಗೊಂಡೆ ಎಂದರು. ಸಾಮಾನು ಯಾವುದು ಎಂದು ಅವನು ಕೇಳಿದಾಗ ಇವರು, ನಮ್ಮ ಕಡೆಯ ಮಸಾಲೆ ಎಂದಷ್ಟೇ ಹೇಳಿದ್ದಾರೆ. ನಮ್ಮ ಕಡೆಯ ಮಸಾಲೆ ಎಂದರೆ ಕಾಂದಾ-ಲಸೂಣ ಎಂದು ಅವನಿಗೂ ಗೊತ್ತು. ಬೇರೆ ಯಾವುದೋ ಮಸಾಲೆಗೆ ನಿಜವಾಗಿ ತಿಂದವರು ಬರೆದದ್ದನ್ನು ಎತ್ತಿ ತಂದು ಇಲ್ಲಿ ಅಂಟಿಸಿದ್ದಾನೆ. ಗಡಿಯಲ್ಲೇ ಹುಟ್ಟಿ ಬೆಳೆದ ಇವರಿಗೆ, ಜೈನರ ಮಸಾಲೆಗೆ ಬೆಳ್ಳುಳ್ಳಿಯ ಹೊಗಳಿಕೆ ಅಂಟಿದರೆ ಏನಾಗುತ್ತದೆ ಎಂದು ಹೊಳೆಯಲೇ ಇಲ್ಲವೇ ಎಂದು ಕೇಳಿದೆ. ನಾನು ಅವರ ಮುಂದೆ ದನಿ ಎತ್ತಿದ್ದು ಅದೇ ಮೊದಲು.

"ಯಾರ ಓದ್ತಾರ್ರಿ ಮ್ಯಾಡಂ? ಸ್ಟಾರ್ ಎಣಸ್ತಾರ, ಮುಂದಕ್ಕ ಹೋಗ್ತಾರ."

ಓದುವವರು ಇದ್ದರು. ನಾವು ಮಾತಾಡುತ್ತಿರುವಾಗಲೇ ಸೊಸೆಯ ಫೋನ್ ಬಂತು. ಈ ಸಲ ಹೂವಿರಲಿಲ್ಲ. ಯಾರೋ ಆ ರಿವ್ಯೂಗಳ ಸ್ಕ್ರೀನ್‌ಶಾಟ್ ತೆಗೆದು ಜೈನ ಸಮಾಜದ ಹೆಂಗಸರ ಗ್ರೂಪಿಗೆ ಹಾಕಿದ್ದರು. ಅದು ಅಲ್ಲಿಂದ ರಾಯಬಾಗ, ಕಾಗವಾಡ ಎಲ್ಲ ಕಡೆ ತಿರುಗಿ ಬಂದಿತ್ತು. ಚೌಕಾಗಳ ಉಸ್ತುವಾರಿ ನೋಡುವ ರಾಯಬಾಗದ ವ್ರತಿಕ ಬಾಯಿಯೊಬ್ಬರು, ವ್ರತ ಹಿಡಿದ ಹಿರಿಯರು, ಹಿಂದಿನ ದಿನವೇ ಪುಡಿ ಕಳಿಸಬೇಡಿ ಎಂದು ತಿಳಿಸಿದ್ದರು. ಅತ್ತೆ ಊಟ ಬಿಟ್ಟಿದ್ದಾರೆ, ನೀವು ಬರ್ರಿ ಅಕ್ಕಾ ಎಂದು ಸೊಸೆ ಅಂದಳು.

ಹೋದೆ. ಗಿರಣಿಯ ಖೋಲಿಯ ಬಾಗಿಲು ಪೂರ್ತಿ ತೆರೆದಿತ್ತು. ಗಿರಣಿಯನ್ನು ಬಿಚ್ಚಿ, ಅದರ ಒಂದೊಂದು ಭಾಗವನ್ನೂ ತೊಳೆದು ಅಂಗಳದ ಬಿಸಿಲಿಗೆ ಹರಡಿದ್ದರು. ನಾನು ಅಂದುಕೊಂಡದ್ದು ಕಾಕು ಸಿಟ್ಟಿನಲ್ಲಿರುತ್ತಾರೆ, ನನ್ನನ್ನು ಬಯ್ಯುತ್ತಾರೆ ಎಂದು. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕಂಬಕ್ಕೆ ಒರಗಿ ಕೂತಿದ್ದರು, ತುಟಿ ಒಣಗಿತ್ತು. ನನ್ನನ್ನು ಹತ್ತಿರ ಕೂರಿಸಿಕೊಂಡು ಎಲ್ಲ ರಿವ್ಯೂ ಓದು ಎಂದರು. ಓದಿದೆ. ಒಂದೊಂದಕ್ಕೂ ಅವರು ತಲೆ ಆಡಿಸುತ್ತಿದ್ದರು, ಪರೀಕ್ಷೆಯಲ್ಲಿ ಫೇಲಾದ ಅಂಕಗಳನ್ನು ಕೇಳುವ ಹಾಗೆ.

"ಇಷ್ಟ ಮಂದಿಗೆ ವಾಸನಿ ಬಂದೈತಿ ತಂಗಿ. ನನಗ ಯಾಕ ಬರವಲ್ದು?"

ಆಗ ನನಗೆ ಅರ್ಥವಾಯಿತು. ಈ ಹೆಂಗಸು ಆ ರಿವ್ಯೂಗಳನ್ನು ನಂಬಿದ್ದರು. ಓದು ಬರಹ ಬಂದ ಇಷ್ಟು ಜನ, ದೂರದ ಊರುಗಳವರು, ಇವರ ಮೇಲೆ ಯಾವ ದ್ವೇಷವೂ ಇಲ್ಲದವರು, ಚಲೋ ಐತಿ ಎಂದು ಹೊಗಳಿಯೇ ಬರೆದಿದ್ದಾರೆ. ಅವರೇಕೆ ಸುಳ್ಳು ಹೇಳುತ್ತಾರೆ ಎಂಬುದು ಅವರ ಲೆಕ್ಕ. ಹಾಗಾದರೆ ತಪ್ಪು ತಮ್ಮ ಮನೆಯಲ್ಲೇ ಆಗಿರಬೇಕು. ಮೆಣಸಿನಕಾಯಿ ತಂದ ಚೀಲದಲ್ಲಿ ಮೊದಲು ಬೆಳ್ಳುಳ್ಳಿ ಇತ್ತೇ ಎಂದು ವ್ಯಾಪಾರಿಯನ್ನು ಕೇಳಿದ್ದರು. ತಾವು ಮಲಗಿದ್ದಾಗ ಯಾರಾದರೂ ಬಂದು ಏನಾದರೂ ಬೀಸಿದರೇ ಎಂದು ಸೊಸೆಯನ್ನು ಮೂರು ಮೂರು ಸಲ ಕೇಳಿದ್ದರು. ಸೊಸೆ ಅತ್ತು ಕಣ್ಣು ಊದಿಸಿಕೊಂಡಿದ್ದಳು. ಇಷ್ಟು ವರ್ಷ ಚೌಕಾಕ್ಕೆ ಏನು ಕಳಿಸಿದೆನೋ ಎಂದು ಹೆದರಿ, ಪ್ರಾಯಶ್ಚಿತ್ತವೆಂದು ಉಪವಾಸ ಹಿಡಿದಿದ್ದರು. ತಮ್ಮ ಕಣ್ಣಿಗಿಂತ, ತಮ್ಮ ಮೂಗಿಗಿಂತ ಆ ಮೊಬೈಲಿನ ಜನ ಅವರಿಗೆ ಖರೆಯಾಗಿ ಕಂಡಿದ್ದರು.

ಕಾಕು, ಇವರು ಯಾರೂ ನಿಮ್ಮ ಮಸಾಲೆ ತಿಂದಿಲ್ಲ ಎಂದೆ. ನಮ್ಮ ಮಾಲಕರು ದುಡ್ಡು ಕೊಟ್ಟು ಬರೆಸಿದ್ದು ಎಂದೆ. ನಾನು ಹೇಳಿದ್ದು ಅವರ ತಲೆಗೆ ಕೂಡಲೇ ಹೋಗಲಿಲ್ಲ. ಮತ್ತೊಮ್ಮೆ ಬಿಡಿಸಿ ಹೇಳಿದೆ.

"ತಿನ್ನಲಾರದ ರುಚಿ ಹೆಂಗ ಬರದ್ರು?"

ಈ ದಂಧೆಯಲ್ಲಿ ಎಲ್ಲರೂ ಮಾಡುತ್ತಾರೆ ಎಂಬುದು ಅದಕ್ಕೆ ಉತ್ತರವಲ್ಲ.

ಅಲ್ಲಿಂದಲೇ ಮಾಲಕರಿಗೆ ಫೋನ್ ಮಾಡಿ, ಕಾಕುವಿಗೂ ಕೇಳುವಂತೆ ಜೋರಾಗಿ ಇಟ್ಟೆ. ಅವರು ಅಷ್ಟರಲ್ಲೇ ಪರಿಹಾರ ಹುಡುಕಿಕೊಂಡಿದ್ದರು. ತಲೆ ಕೆಡಿಸಿಕೊಳ್ಳಬೇಡಿ, ಇನ್ನೊಂದು ಕಟ್ಟು ಹೇಳಿದ್ದೇನೆ, ಇದಕ್ಕಿಂತ ದೊಡ್ಡದು, ಹಳೆಯದೆಲ್ಲ ಕೆಳಗೆ ಮುಚ್ಚಿಹೋಗುತ್ತದೆ ಎಂದರು. ಈ ಸಲ ಸರಿಯಾಗಿ ಹೇಳಿ ಬರೆಸಿದ್ದೇನೆ ಎಂದು ಒಂದನ್ನು ಓದಿಯೂ ತೋರಿಸಿದರು: 'ನಾನು ವ್ರತ ಹಿಡಿದವಳು. ನಮ್ಮ ಚೌಕಾದಲ್ಲಿ ಇದನ್ನೇ ಬಳಸುತ್ತೇವೆ.'

ಕಾಕು ಕಣ್ಣು ಮುಚ್ಚಿಕೊಂಡರು. ನಾನು ಫೋನ್ ಇಟ್ಟೆ. ನನಗೆ ಆಗ ಬಂದದ್ದು ಸಿಟ್ಟಲ್ಲ, ಹೇಸಿಗೆ. ಆ ಮಹಡಿಯ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದು ತೀರ್ಮಾನವಾದದ್ದು ಅದೇ ಗಳಿಗೆಯಲ್ಲಿ. ಆದರೆ ನನ್ನ ತೀರ್ಮಾನದಿಂದ ಕಾಕುವಿಗೆ ಏನಾಗಬೇಕಿತ್ತು? ಅವರ ಅಂಗಡಿಯ ಕೀಲಿ, ಅಂದರೆ ಪಾಸ್‌ವರ್ಡ್, ಇನ್ನೂ ನನ್ನ ಹತ್ತಿರವಿತ್ತು.

ಇದ್ದ ದಾರಿಗಳನ್ನು ಅವರ ಮುಂದೆ ಇಟ್ಟೆ. ಸುಮ್ಮನಿದ್ದರೆ ಮಾಲಕರ ಎರಡನೇ ಕಟ್ಟು ಬರುತ್ತದೆ, ಆರ್ಡರ್ ಇನ್ನೂ ಏರುತ್ತದೆ. ಆ ರಿವ್ಯೂಗಳು ನಕಲಿ ಎಂದು ಮಾರಾಟದ ಕಂಪನಿಗೆ ನಾವೇ ಬರೆದರೆ, ಅವರು ಬರೀ ರಿವ್ಯೂ ತೆಗೆದು ಸುಮ್ಮನಾಗಲಿಕ್ಕಿಲ್ಲ, ಅಂಗಡಿಯನ್ನೇ ಮುಚ್ಚಬಹುದು. ದುಡ್ಡು ಕೊಟ್ಟವರು ಅಂಗಡಿಯ ಕಡೆಯವರೇ ತಾನೇ. ಆಗ ಮಾಸ್ತರರ ಮೂರು ಸ್ಟಾರ್ ಕೂಡ ಹೋಗುತ್ತದೆ. ಮತ್ತು ಸಮಾಜದವರಿಗೆ ಹೇಳಬೇಕೆಂದರೆ, ಬೆಳ್ಳುಳ್ಳಿ ಇಲ್ಲ ಎಂದು ಹೇಳಿದರೆ ಸಾಲದು, ನಮ್ಮ ಹೆಸರಿನಲ್ಲಿ ಸುಳ್ಳು ಕೊಂಡದ್ದಾಗಿದೆ ಎಂದೂ ಹೇಳಬೇಕು. ಒಂದನ್ನು ಬಿಟ್ಟು ಒಂದನ್ನು ಹೇಳಲು ಬರುವುದಿಲ್ಲ. ಸೊಸೆ, ಕಂಪನಿಯ ತಪ್ಪಿನಿಂದ ಬೇರೆ ಮಸಾಲೆಯ ರಿವ್ಯೂ ನಮಗೆ ಸೇರಿಬಿಟ್ಟಿದೆ ಅಂತ ಬರೆದರಾಗದೇ ಅಕ್ಕಾ ಎಂದು ಮೆಲ್ಲಗೆ ಕೇಳಿದಳು. ಅವಳ ತಪ್ಪೇನೂ ಇರಲಿಲ್ಲ. ಹೆಚ್ಚು ಕಡಿಮೆ ಎಲ್ಲರೂ ಅದನ್ನೇ ಬರೆಯುತ್ತಾರೆ.

ಕಾಕು ಅಂಗಳದಲ್ಲಿ ಹರಡಿದ ಗಿರಣಿಯ ಭಾಗಗಳನ್ನು ನೋಡುತ್ತಾ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಆದದ್ದ ಆದಂಗ ಬರಿ. ಮ್ಯಾಲ ಏನೂ ಹಚ್ಚಬ್ಯಾಡ."

ಅಲ್ಲೇ ಕೂತು ಬರೆದೆ. ಕಂಪನಿಗೆ ಮೊದಲು. ನಕಲಿ ರಿವ್ಯೂಗಳನ್ನು ಒಂದೊಂದಾಗಿ ಆರಿಸಿ ದೂರು ಕೊಡಬೇಕು, ಪ್ರತಿಯೊಂದಕ್ಕೂ ಕಾರಣ ಕೇಳುತ್ತದೆ. ಕಾರಣದ ಜಾಗದಲ್ಲಿ 'ಬರೆದವರು ನಮ್ಮ ಸಾಮಾನು ಕೊಂಡವರಲ್ಲ, ನಮ್ಮ ಪರವಾಗಿ ದುಡ್ಡು ಕೊಟ್ಟು ಬರೆಸಿದ್ದು' ಎಂದು ಬರೆಯುತ್ತಾ ಹೋದೆ. ಕೈ ಸೋತಿತು. ಆಮೇಲೆ ಗ್ರೂಪಿಗೆ ಒಂದು ಕಾಗದ, ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. ಮಸಾಲೆಯಲ್ಲಿ ಬೆಳ್ಳುಳ್ಳಿ ಇಲ್ಲ, ಎಂದೂ ಇರಲಿಲ್ಲ. ಹೊಗಳಿ ಬರೆದವರು ಅದನ್ನು ತಿಂದವರಲ್ಲ. ನಮಗೆ ಗೊತ್ತಿಲ್ಲದೆ ಆದರೂ ನಮ್ಮ ಅಂಗಡಿಯ ಹೆಸರಿನಲ್ಲೇ ಆಗಿದೆ. ಬಂದು ಗಿರಣಿ ನೋಡಬಹುದು. ಕೆಳಗೆ ಕಾಕು ತಮ್ಮ ಹೆಸರು ಬರೆಸಿದರು. ಬರೆದವಳು ನಾನು ಎಂದು ನಾನೂ ನನ್ನ ಹೆಸರು ಹಾಕಿದೆ. ಹೊತ್ತು ಮುಳುಗುವ ಮೊದಲು ಸೊಸೆ ಬಲವಂತ ಮಾಡಿ ಅವರಿಗೆ ಗಂಜಿ ಕುಡಿಸಿದಳು.

ಕಂಪನಿಯವರು ಬಹಳ ತಡ ಮಾಡಲಿಲ್ಲ. ಧನ್ಯವಾದ ಹೇಳಿ ಅಂಗಡಿ ಮುಚ್ಚಿದರು. ನಕಲಿಗಳ ಜೊತೆ ಮಾಸ್ತರರೂ ಹೋದರು, ಸೀಳಿದ ಮೆಣಸಿನಕಾಯಿ ಹಿಡಿದ ಆ ಕೈಯ ಫೋಟೋವೂ ಹೋಯಿತು. ನಾನು ಮೇಲ್ಮನವಿ ಬರೆದೆ. ಅದಕ್ಕೆ ಬಂದ ಉತ್ತರವನ್ನು ಮನುಷ್ಯರು ಬರೆದಂತಿರಲಿಲ್ಲ. ಮಾಲಕರು ನನ್ನನ್ನು ಕೆಲಸದಿಂದ ತೆಗೆದರು, ನಾನು ಅದಕ್ಕೂ ಮೊದಲೇ ಬಿಟ್ಟಿದ್ದೆ. ಇಬ್ಬರಲ್ಲಿ ಯಾರದು ಮೊದಲು ಎಂದು ಜಗಳ ಆಗಲಿಲ್ಲ, ಅವರಿಗೆ ಯಾರೊಂದಿಗೂ ಜಗಳವಿಲ್ಲ ಎಂದೆನಲ್ಲ.

ಸ್ಕ್ರೀನ್‌ಶಾಟ್ ಓಡಿದ ವೇಗದಲ್ಲಿ ನಮ್ಮ ಕಾಗದ ಓಡಲಿಲ್ಲ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಮೊಬೈಲಿನಲ್ಲಿ ಅದಕ್ಕೆ ಕಾಲು ಬೇಕೂ ಇಲ್ಲ. ಅಯ್ಯೋ ಪಾಪ ಎಂದು ಕೆಲವರು ಬರೆದರು, ಬಹಳ ಜನ ಏನೂ ಬರೆಯಲಿಲ್ಲ. ಗಿರಣಿ ನೋಡಲು ಬಂದವರು ರಾಯಬಾಗದ ಆ ವ್ರತಿಕ ಬಾಯಿಯೊಬ್ಬರೇ. ಆ ದಿನ ನಾನೂ ಇದ್ದೆ. ಮತ್ತೆ ಜೋಡಿಸಿದ್ದ ಗಿರಣಿಯನ್ನು ನೋಡಿದರು, ಮೆಣಸಿನಕಾಯಿಯ ಬುಟ್ಟಿ ನೋಡಿದರು, ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರು. ನಾನು ಅವರಿಗೆ ಎಲ್ಲವನ್ನೂ ಮೊದಲಿನಿಂದ ವಿವರಿಸಿದೆ. ಸಮಾಧಾನದಿಂದ ಕೇಳಿದರು. ಒಳ್ಳೆಯ ಮನುಷ್ಯರು, ಅವರನ್ನು ಬಯ್ಯಲು ನನಗೆ ಆಗಲೂ ಮನಸ್ಸಾಗಲಿಲ್ಲ. ಹೊರಡುವಾಗ ಕಾಕುವಿನ ಕೈ ಹಿಡಿದುಕೊಂಡು ಹೇಳಿದರು.

"ಬೆಳ್ಳುಳ್ಳಿ ಇಲ್ಲಂತ ನಾ ಒಪ್ಕೊಂಡೆ. ಆದ್ರ ಇದರ ಸುತ್ತ ಸುಳ್ಳ ಐತಿ ತಂಗಿ. ಚೌಕಾದಾಗ ಅದೂ ನಡೆಯಂಗಿಲ್ಲ."

ಕಾಕು ಹೌದ್ರಿ ಎಂದರು. ವಾದ ಮಾಡಲಿಲ್ಲ. ಈ ಮಾತು ತಮಗೆ ಮೊದಲೇ ಗೊತ್ತಿತ್ತು ಎಂಬಂತೆ ತಲೆಬಾಗಿದರು. ಆ ಸಲದ ಚಾತುರ್ಮಾಸ ಹಾಗೇ ಮುಗಿಯಿತು, ಮುಂದಿನದ್ದಕ್ಕೂ ಯಾರೂ ಕರೆ ಕಳಿಸಲಿಲ್ಲ. ಈಗ ಚೌಕಾಗಳಿಗೆ ಬೇರೆ ಮನೆಯ ಪುಡಿ ಹೋಗುತ್ತದೆ. ಕಾಕುವಿನ ಗಿರಣಿ ಮನೆ ಮಟ್ಟಿಗೆ ತಿಂಗಳಿಗೊಮ್ಮೆ ತಿರುಗುತ್ತದೆ.

ನಮ್ಮ ಮಾಲಕರು ಚೆನ್ನಾಗಿಯೇ ಇದ್ದಾರೆ. ಈಗ ಹೊಸಬರಿಗೆ ಇಂಟರ್ನೆಟ್ ಮಾರ್ಕೆಟಿಂಗ್ ಕಲಿಸುವ ಕ್ಲಾಸು ನಡೆಸುತ್ತಾರೆ. ಅಲ್ಲಿಗೆ ಹೋಗಿ ಬಂದ ಹುಡುಗಿಯೊಬ್ಬಳು ಟಿಪ್ಪಣಿ ತೋರಿಸಿ ನನ್ನ ಅಭಿಪ್ರಾಯ ಕೇಳಿದಳು. ಅದರಲ್ಲಿ ಹಳ್ಳಿಯ ಒಂದು ಮಸಾಲೆಯ ಆರ್ಡರ್ ಹೇಗೆ ಏರಿತು ಎಂಬ ನಕ್ಷೆ ಇತ್ತು. ಹೆಸರು ಅಳಿಸಿದ್ದರೂ ಗುರುತು ಸಿಕ್ಕಿತು. ಗೆರೆ ಮೇಲಕ್ಕೆ ಹೋಗುವಲ್ಲಿಗೆ ಕತ್ತರಿಸಿದ್ದರು. ಅದರ ಮುಂದೆ ಏನಾಯಿತು ಎಂದು ನಾನು ಅವಳಿಗೆ ಹೇಳಿದೆ. ಅವಳು ಬರೆದುಕೊಂಡಳೋ ಇಲ್ಲವೋ ಗೊತ್ತಿಲ್ಲ.

ಮೊನ್ನೆ ಏಕಸಂಬಿಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಏನೂ ತಿನ್ನದೆ ಹೋದೆ. ಕಾಕು ಬಿಸಿ ರೊಟ್ಟಿ ಹಾಕಿ, ಪಕ್ಕದಲ್ಲಿ ಖಾರಪುಡಿಗೆ ಎಣ್ಣೆ ಬಿಟ್ಟು ಕೊಟ್ಟರು. ತಿಂದೆ. ನಿಜವಾಗಿಯೂ ಚೆನ್ನಾಗಿತ್ತು, ಚಲೋ ಆಗೇತಿ ಕಾಕು ಎಂದೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಖರೇನ?"

ಮೊದಲು ಹಾಗೆ ಕೇಳುವ ಹೆಂಗಸಲ್ಲ ಅವರು. ಒಬ್ಬರು ಉಂಡು ಚೆನ್ನಾಗಿದೆ ಎಂದರೆ ನಕ್ಕು ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ಖರೇ ಎಂದೆ, ಎರಡು ಸಲ ಹೇಳಿದೆ. ಅವರು ನೋಡುತ್ತಲೇ ಇದ್ದರು. ನಾನು ಇನ್ನೊಂದು ತುತ್ತು ಮುರಿದು ತಿಂದು, ಖಾರ ಒಂದೀಟು ಕಡಿಮಿ ಐತ್ರಿ ಎಂದೆ. ಅದೂ ನಿಜವೇ ಆಗಿತ್ತು. ಆಗ ನಂಬಿದರು.